ವಾದಕ್ಕೊಂದು ಜಾಗ, ಜಾಗಕ್ಕೊಂದು ಬಾಡಿಗೆ

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬುದ್ಧಿಜೀವಿಗಳು ನಡೆಸಿದ ವಾಗ್ವಾದಗಳ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅಲ್ಲಿನ ದೊಡ್ಡ ಜಗಳಗಳಲ್ಲಿ ಹೆಚ್ಚಿನವು ಬಹಳ ಚಿಕ್ಕ ಪತ್ರಿಕೆಗಳಲ್ಲಿ, ಒಬ್ಬರನ್ನೊಬ್ಬರು ಹತ್ತಿರದಿಂದ ಬಲ್ಲವರ ನಡುವೆ ನಡೆದವು ಎಂಬುದು ಆ ಬರಹದ ಮುಖ್ಯ ಮಾತಾಗಿತ್ತು. ಅದನ್ನು ಒಪ್ಪಿ, ಒಪ್ಪದೆ, ತಿದ್ದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇನೆ, ಬರೆದವರು ಮನ್ನಿಸಬೇಕು.

ಪ್ರಶ್ನೆ: ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಯ ಹೆಸರನ್ನು ಮತ್ತೆ ಮತ್ತೆ ಹೇಳಿದ್ದೀರಿ. ಅದರ ಪ್ರಸಾರ ಹೆಚ್ಚೆಂದರೆ 15,000 ಇತ್ತೆಂದೂ ನೀವೇ ಬರೆದಿದ್ದೀರಿ. ಅಷ್ಟು ದೊಡ್ಡ ದೇಶದಲ್ಲಿ ಇಷ್ಟು ಸಣ್ಣ ಪತ್ರಿಕೆಗೆ ಅಂಥ ಮಹತ್ವ ಬಂದದ್ದು ಹೇಗೆ?

ಉತ್ತರ: ಇದಕ್ಕೆ ಉತ್ತರವನ್ನು ಪತ್ರಿಕೆಯ ಕಚೇರಿಯಿಂದ ಆರಂಭಿಸುವುದಕ್ಕಿಂತ ಒಂದು ಕಾಲೇಜಿನ ಊಟದ ಕೋಣೆಯಿಂದ ಆರಂಭಿಸುವುದು ಸುಲಭ. ನ್ಯೂಯಾರ್ಕಿನ ಸಿಟಿ ಕಾಲೇಜು 1847ರಲ್ಲಿ ಹುಟ್ಟಿದಾಗಿನಿಂದ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯುತ್ತಿರಲಿಲ್ಲ. ಹಣವಂತರ ಕೊಲಂಬಿಯಾ ವಿಶ್ವವಿದ್ಯಾಲಯ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿಕೊಂಡಿದ್ದ 1930ರ ದಶಕದಲ್ಲಿ, ಪೂರ್ವ ಯುರೋಪಿನಿಂದ ವಲಸೆ ಬಂದು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರ ಮಕ್ಕಳು 5 ಸೆಂಟ್ ಕೊಟ್ಟು ಸುರಂಗ ರೈಲು ಹತ್ತಿ, ಮನೆಯಿಂದ ತಂದ ಬುತ್ತಿಯನ್ನು ಕೈಯಲ್ಲಿ ಹಿಡಿದು ಈ ಕಾಲೇಜಿಗೆ ಬರುತ್ತಿದ್ದರು. ಊಟದ ಕೋಣೆಯ ಅಂಚಿನಲ್ಲಿ ಬೆಂಚು, ಮೇಜುಗಳಿದ್ದ ಗೂಡಿನಂಥ ಮೂಲೆಗಳಿದ್ದವು. ಒಂದೊಂದು ಮೂಲೆ ಒಂದೊಂದು ಗುಂಪಿನ ಸ್ವತ್ತು. ಒಂದನೆಯ ಮೂಲೆಯಲ್ಲಿ ಸ್ಟಾಲಿನ್‌ನನ್ನು ವಿರೋಧಿಸುವ ಎಡಪಂಥೀಯರು ಕೂರುತ್ತಿದ್ದರೆ, ಎರಡನೆಯದರಲ್ಲಿ ಸ್ಟಾಲಿನ್‌ನ ಬೆಂಬಲಿಗರು ಕೂರುತ್ತಿದ್ದರು. ಎರಡನೆಯ ಮೂಲೆಯವರ ಸಂಖ್ಯೆ ಬಹಳ ದೊಡ್ಡದು. ಆದರೆ ಒಂದನೆಯ ಮೂಲೆಯವರೊಡನೆ ಮಾತಿಗೆ ನಿಲ್ಲಬಾರದೆಂಬ ಕಟ್ಟಪ್ಪಣೆ ಅವರಿಗಿತ್ತು. ಹೀಗಾಗಿ ಒಂದನೆಯ ಮೂಲೆಯ ಹುಡುಗರಿಗೆ ತಮ್ಮತಮ್ಮಲ್ಲೇ ವಾದಿಸುವುದು ಅನಿವಾರ್ಯವಾಯಿತು. ಅರ್ವಿಂಗ್ ಹೋವ್, ಅರ್ವಿಂಗ್ ಕ್ರಿಸ್ಟಲ್, ಡೇನಿಯಲ್ ಬೆಲ್, ನೇಥನ್ ಗ್ಲೇಜರ್ ಬಂದದ್ದು ಆ ಮೂಲೆಯಿಂದ. ಮುಂದೆ ಹೋವ್ ಸಮಾಜವಾದಿಯಾಗಿಯೇ ಉಳಿದರು, ಕ್ರಿಸ್ಟಲ್ ಎಡದಿಂದ ಬಲಕ್ಕೆ ಸರಿದವರ ನವಸಂಪ್ರದಾಯವಾದದ ಹಿರಿಯರೆನಿಸಿದರು, ಉಳಿದಿಬ್ಬರು ಇವರ ನಡುವೆ ಎಲ್ಲೋ ನಿಂತರು. ಆದರೂ ಎದುರಾಳಿ ಯಾವ ಮಾತಿಗೆ ಯಾವ ಉತ್ತರ ಕೊಡುತ್ತಾನೆಂದು ಮೊದಲೇ ಊಹಿಸಿ ಬರೆಯುವ ಅಭ್ಯಾಸ ನಾಲ್ವರಲ್ಲೂ ಕಡೆಯವರೆಗೆ ಉಳಿಯಿತು.

‘ಪಾರ್ಟಿಸನ್ ರಿವ್ಯೂ’ ಈ ಅಭ್ಯಾಸಕ್ಕೆ ಸಿಕ್ಕ ಮುದ್ರಿತ ರೂಪ. 1934ರಲ್ಲಿ ವಿಲಿಯಂ ಫಿಲಿಪ್ಸ್ ಮತ್ತು ಫಿಲಿಪ್ ರಾವ್ ಅದನ್ನು ಕಮ್ಯುನಿಸ್ಟ್ ಪಕ್ಷದ ನೆರಳಿನಲ್ಲಿ ಆರಂಭಿಸಿದರು. ಸ್ಟಾಲಿನ್ ತನ್ನದೇ ಪಕ್ಷದ ಹಳೆಯ ನಾಯಕರನ್ನು ಸುಳ್ಳು ಆರೋಪಗಳ ಮೇಲೆ ಶಿಕ್ಷಿಸಿದ ಮಾಸ್ಕೋ ವಿಚಾರಣೆಗಳ ಸುದ್ದಿ ಬರುತ್ತಿದ್ದ ದಿನಗಳಲ್ಲಿ ಪಕ್ಷದ ನಂಟು ಕಡಿದುಕೊಂಡು, ಡ್ವೈಟ್ ಮ್ಯಾಕ್‌ಡೊನಾಲ್ಡ್, ಮೇರಿ ಮೆಕಾರ್ತಿ ಮೊದಲಾದ ಲೇಖಕರನ್ನು ಸೇರಿಸಿಕೊಂಡು, 1937ರ ಡಿಸೆಂಬರಿನಲ್ಲಿ ಹೊಸದಾಗಿ ಹೊರತಂದರು. ಈ ಮರುಹುಟ್ಟಿಗೆ ಹಣ ಕೊಟ್ಟವರು ಜಾರ್ಜ್ ಎಲ್. ಕೆ. ಮಾರಿಸ್ ಎಂಬ ಸಿರಿವಂತ ಮನೆತನದ ಅಮೂರ್ತ ಚಿತ್ರಕಾರ. ಬಂಡವಾಳಶಾಹಿಯನ್ನು ಖಂಡಿಸುವ ಪತ್ರಿಕೆಗೆ ಬಂಡವಾಳಗಾರರ ಮನೆಯ ಮಗನೇ ಆಸರೆಯಾದದ್ದು ಆಗ ಯಾರಿಗೂ ವಿಚಿತ್ರವೆನಿಸಿದಂತಿಲ್ಲ. ರಾಜಕೀಯದಲ್ಲಿ ಎಡಕ್ಕಿದ್ದ ಈ ಪತ್ರಿಕೆಯೇ, ತನ್ನನ್ನು ರಾಜಪ್ರಭುತ್ವದ ಪಕ್ಷಪಾತಿ ಎಂದು ಬಹಿರಂಗವಾಗಿ ಕರೆದುಕೊಂಡಿದ್ದ ಟಿ. ಎಸ್. ಎಲಿಯಟ್‌ನ ‘ಈಸ್ಟ್ ಕೋಕರ್’ ಕವಿತೆಯನ್ನು 1940ರಲ್ಲಿ ಅಮೆರಿಕದ ಓದುಗರ ಮುಂದಿಟ್ಟಿತು. ಒಳ್ಳೆಯ ಕವಿತೆಗೆ ಕವಿಯ ರಾಜಕೀಯ ಅಡ್ಡಬರಬಾರದು, ಒಳ್ಳೆಯ ರಾಜಕೀಯದ ನೆಪದಲ್ಲಿ ಕಳಪೆ ಕವಿತೆ ನುಸುಳಲೂಬಾರದು ಎಂಬ ಈ ನಿಲುವು ಅಂದಿನ ಪಕ್ಷನಿಷ್ಠರಿಗೆ ದ್ರೋಹವಾಗಿ ಕಂಡಿತು. ಪತ್ರಿಕೆಯನ್ನು ಓದುತ್ತಿದ್ದ ಆ ಕೆಲವೇ ಸಾವಿರ ಮಂದಿಯಲ್ಲಿ ಪ್ರಕಾಶಕರು, ಪ್ರಾಧ್ಯಾಪಕರು, ದೊಡ್ಡ ಪತ್ರಿಕೆಗಳ ಸಂಪಾದಕರು ಇದ್ದರು. ಇಲ್ಲಿ ಈ ತಿಂಗಳು ಜಗಳಕ್ಕೆ ಕಾರಣವಾದ ಮಾತು ಕೆಲವು ವರ್ಷಗಳ ನಂತರ ಲಕ್ಷಗಟ್ಟಲೆ ಪ್ರಸಾರದ ವಾರಪತ್ರಿಕೆಗಳಲ್ಲಿ ಎಲ್ಲರಿಗೂ ತಿಳಿದ ಮಾತೆಂಬಂತೆ ಕಾಣಿಸಿಕೊಳ್ಳುತ್ತಿತ್ತು.

ಪ್ರಶ್ನೆ: ತತ್ವಜ್ಞಾನಿ ಜಾನ್ ಡ್ಯೂಯಿ ಎಂದರೆ ಕೊಲಂಬಿಯಾದಲ್ಲಿ ಅಂಬೇಡ್ಕರ್ ಅವರಿಗೆ ಪಾಠ ಹೇಳಿದವರು ಎಂದಷ್ಟೇ ಬಲ್ಲೆ. ‘ಡ್ಯೂಯಿ–ಲಿಪ್‌ಮನ್ ವಾದ’ ಎಂಬುದು ಎಲ್ಲಿ, ಯಾವ ವೇದಿಕೆಯಲ್ಲಿ ನಡೆಯಿತು? ಯಾರು ಗೆದ್ದರು?

ಉತ್ತರ: ಸಾಮಾನ್ಯ ಮತದಾರರನ್ನು ನಂಬಿ ಪ್ರಜಾಪ್ರಭುತ್ವ ನಡೆಸಬಹುದೇ ಎಂಬ ಈ ವಾದ ಯಾವ ವೇದಿಕೆಯಲ್ಲೂ ನಡೆಯಲಿಲ್ಲ. ಇಬ್ಬರೂ ಎದುರುಬದುರು ನಿಂತು ವಾದಿಸಿದವರಲ್ಲ. ಲಿಪ್‌ಮನ್ ಪುಸ್ತಕ ಬರೆದರು, ಡ್ಯೂಯಿ ಅದನ್ನು ಮೆಚ್ಚಿ ವಿಮರ್ಶಿಸಿದರು, ಆಮೇಲೆ ಮೆಚ್ಚುಗೆಯನ್ನು ಉಳಿಸಿಕೊಂಡೇ ಬೇರೆ ದಾರಿ ಹಿಡಿದರು. ಅದಕ್ಕೆ ‘ವಾದ’ವೆಂಬ ಹೆಸರು ಗಟ್ಟಿಯಾದದ್ದು 1980ರ ದಶಕದಲ್ಲಿ, ಜೇಮ್ಸ್ ಕ್ಯಾರಿಯಂಥ ಮಾಧ್ಯಮ ವಿದ್ವಾಂಸರ ಬರಹಗಳಿಂದ.

ವಾಲ್ಟರ್ ಲಿಪ್‌ಮನ್ ಮೂಲತಃ ಪತ್ರಕರ್ತರು. 1914ರಲ್ಲಿ ಆರಂಭವಾದ ‘ನ್ಯೂ ರಿಪಬ್ಲಿಕ್’ ವಾರಪತ್ರಿಕೆಯ ಸ್ಥಾಪಕ ಸಂಪಾದಕರಲ್ಲಿ ಒಬ್ಬರು. 1920ರಲ್ಲಿ ಅವರು ಚಾರ್ಲ್ಸ್ ಮರ್ಜ್ ಜೊತೆಗೂಡಿ ಒಂದು ಶ್ರಮದ ಕೆಲಸ ಮಾಡಿದರು. ರಷ್ಯಾದ ಕ್ರಾಂತಿಯ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಎರಡು ವರ್ಷ ಪ್ರಕಟಿಸಿದ ಸುದ್ದಿಗಳನ್ನೆಲ್ಲ ತೆಗೆದು ಓದಿ, ಬೊಲ್ಶೆವಿಕ್ ಸರ್ಕಾರ ಇನ್ನೇನು ಬಿದ್ದೇಹೋಗುತ್ತದೆ ಅಥವಾ ಬಿದ್ದೇಹೋಯಿತು ಎಂದು ಎಷ್ಟು ಸಲ ವರದಿಯಾಗಿದೆ ಎಂದು ಲೆಕ್ಕ ಹಾಕಿದರು. 91 ಸಲ. ಅವರ ಪ್ರಕಾರ ಇದರಲ್ಲಿ ಸಂಚಿಗಿಂತ ಹೆಚ್ಚಾಗಿ ಆಸೆಯ ಪಾತ್ರವಿತ್ತು. ವರದಿಗಾರರಿಗೂ ಸಂಪಾದಕರಿಗೂ ಏನು ನಡೆಯಬೇಕೆಂಬ ಬಯಕೆಯಿತ್ತೋ ಅದೇ ಸುದ್ದಿಯಾಯಿತು. ದೇಶದ ಅತ್ಯಂತ ನಂಬಲರ್ಹ ಪತ್ರಿಕೆಯ ಪಾಡೇ ಹೀಗಾದರೆ, ದಿನಕ್ಕೆ ಕಾಲು ಗಂಟೆ ಪತ್ರಿಕೆ ಓದುವ ಮತದಾರ ದೂರದ ಲೋಕದ ಬಗ್ಗೆ ಏನನ್ನು ತಾನೇ ತಿಳಿದಾನು? 1922ರ ‘ಪಬ್ಲಿಕ್ ಒಪಿನಿಯನ್’ ಈ ಪ್ರಶ್ನೆಯಿಂದ ಹುಟ್ಟಿದ ಪುಸ್ತಕ. ನಾವು ಪ್ರತಿಕ್ರಿಯಿಸುವುದು ಲೋಕಕ್ಕಲ್ಲ, ನಮ್ಮ ತಲೆಯೊಳಗಿನ ಚಿತ್ರಗಳಿಗೆ ಎಂದು ಅದು ಹೇಳಿತು. ಮೂರು ವರ್ಷಗಳ ನಂತರದ ‘ದಿ ಫ್ಯಾಂಟಮ್ ಪಬ್ಲಿಕ್’ ಇನ್ನೂ ಕಟುವಾದದ್ದು. ನಾಟಕಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತ ಕಿವುಡ ಪ್ರೇಕ್ಷಕನಿಗೆ ನಾಗರಿಕನನ್ನು ಹೋಲಿಸಿದ ಮಾತು ಅದರಲ್ಲಿದೆ.

ಡ್ಯೂಯಿ ಮೊದಲ ಪುಸ್ತಕವನ್ನು ವಿಮರ್ಶಿಸುತ್ತ, ಪ್ರಜಾಪ್ರಭುತ್ವದ ಮೇಲೆ ಈವರೆಗೆ ಬರೆದ ಆರೋಪಪಟ್ಟಿಗಳಲ್ಲಿ ಪ್ರಾಯಶಃ ಇದೇ ಅತ್ಯಂತ ಪರಿಣಾಮಕಾರಿ ಎಂದರು. ರೋಗದ ಲಕ್ಷಣಗಳಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ, ಮದ್ದಿನಲ್ಲಿತ್ತು. ತಜ್ಞರಿಗೆ ವಹಿಸಿಬಿಡಿ ಎಂಬ ಲಿಪ್‌ಮನ್‌ರ ಧಾಟಿಗೆ 1927ರ ‘ದಿ ಪಬ್ಲಿಕ್ ಅಂಡ್ ಇಟ್ಸ್ ಪ್ರಾಬ್ಲಮ್ಸ್’ ಪುಸ್ತಕದಲ್ಲಿ ಅವರು ಕೊಟ್ಟ ಉತ್ತರ ಬಹಳ ಸರಳ: ಪಾದರಕ್ಷೆಯನ್ನು ಸರಿಪಡಿಸುವುದು ಹೇಗೆಂದು ಹೊಲಿದವನು ಬಲ್ಲ, ಆದರೆ ಅದು ಕಚ್ಚುತ್ತಿದೆಯೇ, ಎಲ್ಲಿ ಕಚ್ಚುತ್ತಿದೆ ಎಂಬುದು ಮೆಟ್ಟಿದವನಿಗೇ ಗೊತ್ತು. ಡ್ಯೂಯಿ ಅವರ ಗದ್ಯ ಸಾಮಾನ್ಯವಾಗಿ ಒಣಗಿದ ಕಬ್ಬಿನಂತೆ ಅಗಿಯಬೇಕಾದದ್ದು. ಇಂಥ ವಾಕ್ಯ ಅವರಲ್ಲಿ ಅಪರೂಪ. ಗೆದ್ದವರು ಯಾರು ಎಂದರೆ, ಸರ್ಕಾರಗಳು ಲಿಪ್‌ಮನ್ ಹೇಳಿದಂತೆ ನಡೆದವು, ಚಳವಳಿಗಳು ಡ್ಯೂಯಿ ಹೇಳಿದಂತೆ ನಡೆದವು ಎನ್ನಬಹುದು. ಒಂದು ಮಾತನ್ನು ಮಾತ್ರ ಸೇರಿಸಬೇಕು. ಲಿಪ್‌ಮನ್ ಪ್ರಜಾಪ್ರಭುತ್ವದ ವೈರಿ ಎಂಬ ಚಿತ್ರ ಅವರಿಗೆ ಮಾಡಿದ ಅನ್ಯಾಯ. 91 ಸಲ ತಪ್ಪಿದ ಸುದ್ದಿಯನ್ನು ಎಣಿಸಿದ ಮನುಷ್ಯನಿಗೆ ಜನರ ಬಗ್ಗೆ ತಿರಸ್ಕಾರವಿತ್ತು ಎಂದು ನನಗನಿಸುವುದಿಲ್ಲ. ಜನರಿಗೆ ಬಡಿಸುತ್ತಿದ್ದುದರ ಬಗ್ಗೆ ಇತ್ತು.

ಪ್ರಶ್ನೆ: ನಿಮ್ಮ ಲೇಖನ ಓದಿದರೆ ಅಮೆರಿಕದಲ್ಲಿ ಯೋಚಿಸುತ್ತಿದ್ದವರೆಲ್ಲ ಬಿಳಿಯರು ಎನಿಸುತ್ತದೆ. ಕಪ್ಪು ಜನರ ಚಿಂತಕರು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ಉತ್ತರ: ಆಕ್ಷೇಪ ನ್ಯಾಯವಾದದ್ದು, ತಪ್ಪು ನನ್ನದೇ. ಪ್ರಸಾರದ ಅಂಕಿಯನ್ನೇ ನೋಡುವುದಾದರೂ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಸಂಪಾದಿಸಿದ ‘ದಿ ಕ್ರೈಸಿಸ್’ ಮಾಸಪತ್ರಿಕೆಯ ಮುಂದೆ ‘ಪಾರ್ಟಿಸನ್ ರಿವ್ಯೂ’ ಏನೂ ಅಲ್ಲ. 1910ರ ನವೆಂಬರಿನಲ್ಲಿ 1,000 ಪ್ರತಿಗಳೊಂದಿಗೆ ಹೊರಟ ಅದು ದಶಕ ಮುಗಿಯುವ ಹೊತ್ತಿಗೆ 1,00,000 ಮುಟ್ಟಿತ್ತು. ಮತ ಹಾಕಲು ಹೋದವರನ್ನು ಹೊಡೆದಟ್ಟುತ್ತಿದ್ದ, ಗುಂಪು ಹತ್ಯೆಗಳು ಹಾಡಹಗಲೇ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ವಿದ್ವಾಂಸ ನಡೆಸಿದ ಪತ್ರಿಕೆ ಇದು. ಡುಬಾಯ್ಸ್ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಅಮೆರಿಕನ್.

ಅವರ ಒಂದು ವಾದವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 1929ರ ಮಾರ್ಚಿನಲ್ಲಿ ಶಿಕಾಗೊದಲ್ಲಿ ಸುಮಾರು 5,000 ಜನರ ಮುಂದೆ ಅವರಿಗೂ ಲೋಥ್ರಪ್ ಸ್ಟಾಡರ್ಡ್ ಎಂಬವರಿಗೂ ಚರ್ಚೆ ಏರ್ಪಾಡಾಯಿತು. ಸ್ಟಾಡರ್ಡ್ ಬಿಳಿಯ ಜನಾಂಗ ಅಪಾಯದಲ್ಲಿದೆ ಎಂದು ಪುಸ್ತಕ ಬರೆದು ದೇಶದಾದ್ಯಂತ ಹೆಸರು ಮಾಡಿದ್ದವರು. ಕಪ್ಪು ಜನರಿಗೆ ಸಾಂಸ್ಕೃತಿಕ ಸಮಾನತೆಯನ್ನು ಬಯಸಲು ಉತ್ತೇಜನ ಕೊಡಬೇಕೇ ಎಂಬುದು ವಿಷಯ. ಸ್ಟಾಡರ್ಡ್ ಗಂಭೀರವಾಗಿ ತಮ್ಮ ವಾದ ಮಂಡಿಸುತ್ತ, ದಕ್ಷಿಣದ ತಿಳಿವಳಿಕಸ್ಥ ಬಿಳಿಯರು ಪ್ರತ್ಯೇಕತೆಯಿಂದ ತಾರತಮ್ಯವಾಗದಂತೆ ನೋಡಿಕೊಳ್ಳುತ್ತಿದ್ದಾರೆ, ಕಪ್ಪು ಜನರಿಗೆ ಬೇರೆ ಶಾಲೆಗಳಿದ್ದರೆ ಅವು ಒಳ್ಳೆಯ ಶಾಲೆಗಳಾಗಿರುತ್ತವೆ, ರೈಲಿನಲ್ಲಿ ಬೇರೆ ಡಬ್ಬಿಗಳಿದ್ದರೆ ಅವು ಒಳ್ಳೆಯ ಡಬ್ಬಿಗಳಾಗಿರುತ್ತವೆ ಎಂಬರ್ಥದ ಮಾತಾಡಿದರು. ಸಭೆ ಗೊಳ್ಳೆಂದು ನಕ್ಕಿತು. ಆ ಡಬ್ಬಿಗಳಲ್ಲಿ ಕೂತು ಬಂದವರು ಸಭೆಯಲ್ಲಿ ಎಷ್ಟೋ ಮಂದಿ ಇದ್ದರು. ಯಾಕೆ ನಗುತ್ತಿದ್ದಾರೆಂದು ಸ್ಟಾಡರ್ಡ್‌ಗೆ ತಿಳಿಯಲಿಲ್ಲ. ನೂರು ಪುಟದ ಖಂಡನೆ ಮಾಡಲಾರದ ಕೆಲಸವನ್ನು ಆ ನಗೆ ಮಾಡಿತೆಂದು ನನ್ನ ಭಾವನೆ.

ಮೂವತ್ತಾರು ವರ್ಷಗಳ ನಂತರ, 1965ರ ಫೆಬ್ರವರಿ 18ರಂದು, ಲೇಖಕ ಜೇಮ್ಸ್ ಬಾಲ್ಡ್‌ವಿನ್ ಮತ್ತು ವಿಲಿಯಂ ಎಫ್. ಬಕ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಯೂನಿಯನ್ ಎಂಬ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಎದುರಾದರು. ಹಾರ್ಲೆಮ್‌ನಲ್ಲಿ ಹುಟ್ಟಿ, ಕಾಲೇಜಿನ ಮೆಟ್ಟಿಲನ್ನೇ ಹತ್ತದ ಬಾಲ್ಡ್‌ವಿನ್ ಒಂದೆಡೆ. ಯೇಲ್‌ನಲ್ಲಿ ಓದಿ, 1955ರಲ್ಲಿ ಸಂಪ್ರದಾಯವಾದಿ ಪತ್ರಿಕೆ ‘ನ್ಯಾಷನಲ್ ರಿವ್ಯೂ’ ಆರಂಭಿಸಿದ ಬಕ್ಲಿ ಇನ್ನೊಂದೆಡೆ. ಅಮೆರಿಕದ ಕನಸು ಅಮೆರಿಕದ ನೀಗ್ರೊನ ಬೆಲೆ ತೆತ್ತು ಕಟ್ಟಿದ್ದು ಎಂಬುದು ನಿರ್ಣಯ. ಅಂದಿನ ಬಳಕೆಯ ಶಬ್ದವನ್ನೇ ಉಳಿಸಿದ್ದೇನೆ. ಬಾಲ್ಡ್‌ವಿನ್ ಅಂಕಿಅಂಶಗಳ ಗೋಜಿಗೆ ಹೋಗದೆ ‘ನಾನು’ ಎಂಬ ಶಬ್ದದಲ್ಲಿ ತಲೆಮಾರುಗಳನ್ನೆಲ್ಲ ತುಂಬಿದರು: ಹತ್ತಿ ಬಿಡಿಸಿದವನು ನಾನು, ಅದನ್ನು ಸಂತೆಗೆ ಹೊತ್ತವನು ನಾನು, ರೈಲುಹಳಿ ಹಾಕಿದವನು ನಾನು, ಇನ್ನೊಬ್ಬನ ಚಾವಟಿಯ ಕೆಳಗೆ, ಬಿಟ್ಟಿಯಾಗಿ. ನಿರ್ಣಯದ ಪರ 544, ವಿರುದ್ಧ 164 ಮತ ಬಿದ್ದವು. ‘ನ್ಯೂಯಾರ್ಕ್ ಟೈಮ್ಸ್’ ತನ್ನ ಭಾನುವಾರದ ಸಂಚಿಕೆಯಲ್ಲಿ ಎರಡೂ ಭಾಷಣಗಳನ್ನು ಅಚ್ಚುಹಾಕಿದ್ದು ಮಾರ್ಚ್ 7ರಂದು. ಅದೇ ದಿನ ಅಲಬಾಮಾದ ಸೆಲ್ಮಾದಲ್ಲಿ ಮತದ ಹಕ್ಕಿಗಾಗಿ ನಡೆದು ಹೊರಟವರನ್ನು ಪೊಲೀಸರು ಸೇತುವೆ ದಾಟಿದಲ್ಲೇ ಬಡಿದುಹಾಕಿದರು.

ಡುಬಾಯ್ಸ್ ಅದನ್ನು ನೋಡಲಿಲ್ಲ. 1951ರಲ್ಲಿ, ಎಂಬತ್ತು ದಾಟಿದ ಮೇಲೆ, ವಿದೇಶದ ಏಜೆಂಟನೆಂಬ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತು ಖುಲಾಸೆಯಾದರೂ ಪಾಸ್‌ಪೋರ್ಟ್ ಮರಳಿ ಸಿಗಲು 1958ರವರೆಗೆ ಕಾಯಬೇಕಾಯಿತು. 1963ರ ಆಗಸ್ಟ್ 27ರಂದು ಘಾನಾದಲ್ಲಿ ಅವರು ತೀರಿಕೊಂಡರು. ಮರುದಿನ ನಾಗರಿಕ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ನಿನ ಮಹಾ ಮೆರವಣಿಗೆಯಲ್ಲಿ ಸೇರಿದ್ದ ಜನಸಾಗರಕ್ಕೆ ಆ ಸುದ್ದಿಯನ್ನು ವೇದಿಕೆಯಿಂದ ತಿಳಿಸಲಾಯಿತು.

ಪ್ರಶ್ನೆ: ಈ ಬುದ್ಧಿಜೀವಿಗಳ ಪತ್ರಿಕೆಗಳಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಣ ಕೊಡುತ್ತಿತ್ತೆಂದು ಕೇಳಿದ್ದೇನೆ. ಹಾಗಿದ್ದರೆ ಇದೆಲ್ಲ ಸರ್ಕಾರವೇ ಆಡಿಸಿದ ಗೊಂಬೆಯಾಟ ಎಂದಾಯಿತಲ್ಲವೇ?

ಉತ್ತರ: ಹಣ ಕೊಟ್ಟದ್ದು ನಿಜ, ಗೊಂಬೆಯಾಟ ಎನ್ನುವುದು ಅರ್ಧ ನಿಜ. 1950ರ ಜೂನ್ ಕೊನೆಯಲ್ಲಿ, ಕೊರಿಯಾ ಯುದ್ಧ ಶುರುವಾದ ಮರುದಿನವೇ, ಪಶ್ಚಿಮ ಬರ್ಲಿನ್ನಿನಲ್ಲಿ ಸಾಂಸ್ಕೃತಿಕ ಸ್ವಾತಂತ್ರ್ಯದ ಕಾಂಗ್ರೆಸ್ ಎಂಬ ಸಂಸ್ಥೆಯ ಆರಂಭದ ಸಮಾವೇಶ ಕೂಡಿತು. ಸೋವಿಯತ್ ಪ್ರಭಾವವನ್ನು ವಿಚಾರದ ಮಟ್ಟದಲ್ಲಿ ಎದುರಿಸುವುದು ಅದರ ಗುರಿ. ಪ್ಯಾರಿಸ್‌ನಲ್ಲಿದ್ದ ಅದರ ಕಚೇರಿಯನ್ನು ನಡೆಸಿದ ಮೈಕೆಲ್ ಜಾಸೆಲ್ಸನ್ ಸಿಐಎ ಅಧಿಕಾರಿ. ಹಣ ನೇರವಾಗಿ ಬರುತ್ತಿರಲಿಲ್ಲ. ಫಾರ್‌ಫೀಲ್ಡ್ ಫೌಂಡೇಷನ್‌ನಂಥ ದತ್ತಿಸಂಸ್ಥೆಗಳ ಹೆಸರಿನಲ್ಲಿ ಬರುತ್ತಿತ್ತು. 1953ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಎನ್‌ಕೌಂಟರ್’ ಮಾಸಪತ್ರಿಕೆ ಈ ಕಾಂಗ್ರೆಸ್ಸಿನ ಕೂಸು. ಇಂಗ್ಲಿಷ್ ಕವಿ ಸ್ಟೀಫನ್ ಸ್ಪೆಂಡರ್ ಮತ್ತು ನಮ್ಮ ಒಂದನೆಯ ಮೂಲೆಯ ಅರ್ವಿಂಗ್ ಕ್ರಿಸ್ಟಲ್ ಅದರ ಮೊದಲ ಸಂಪಾದಕರು.

ಪತ್ರಿಕೆಯಾಗಿ ‘ಎನ್‌ಕೌಂಟರ್’ ಬಹಳ ಚೆನ್ನಾಗಿತ್ತು ಎಂಬುದೇ ಇಲ್ಲಿನ ತೊಡಕು. ಕಳಪೆ ಪ್ರಚಾರಪತ್ರವಾಗಿದ್ದರೆ ಯಾರೂ ಇಂದಿಗೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆ ಹಣ ಕೈ ಹಿಡಿದು ಬರೆಸಿದ್ದಕ್ಕೆ ಪುರಾವೆ ಹುಡುಕುವುದಕ್ಕಿಂತ, ಅಚ್ಚಾಗದೆ ಹೋದದ್ದನ್ನು ಹುಡುಕುವುದು ಹೆಚ್ಚು ಉಪಯುಕ್ತ. ಒಂದು ಉದಾಹರಣೆ ಕಣ್ಣೆದುರೇ ಇದೆ. ಮ್ಯಾಕ್‌ಡೊನಾಲ್ಡ್ ಒಂದು ವರ್ಷ ‘ಎನ್‌ಕೌಂಟರ್’ನಲ್ಲಿ ಕೆಲಸ ಮಾಡಿದವರು. ತಾಯ್ನಾಡಿಗೆ ಮರಳಿ ಅಲ್ಲಿನ ಬದುಕಿನ ಒರಟುತನವನ್ನೂ ಗದ್ದಲವನ್ನೂ ಕಂಡು ಬೇಸತ್ತು ಅದೇ ಪತ್ರಿಕೆಗಾಗಿ ‘ಅಮೆರಿಕ! ಅಮೆರಿಕ!’ ಎಂಬ ಲೇಖನ ಬರೆದರು. ‘ಎನ್‌ಕೌಂಟರ್’ ಅದನ್ನು ಪ್ರಕಟಿಸಲಿಲ್ಲ. ಕೊನೆಗೆ 1958ರಲ್ಲಿ ಅದು ಹೋವ್ ಅವರ ‘ಡಿಸೆಂಟ್’ ಪತ್ರಿಕೆಯಲ್ಲಿ ಬಂತು. ಲೇಖನವೇನೂ ಮ್ಯಾಕ್‌ಡೊನಾಲ್ಡ್ ಬರೆದ ಅತ್ಯುತ್ತಮವಲ್ಲ, ಗೊಣಗಾಟವೇ ಹೆಚ್ಚು. ಆದರೆ ಸ್ವಾತಂತ್ರ್ಯದ ಹೆಸರು ಹೊತ್ತ ಸಂಸ್ಥೆಯ ಪತ್ರಿಕೆಗೆ ಅಮೆರಿಕದ ಮೇಲಿನ ಗೊಣಗಾಟವೊಂದು ಜೀರ್ಣವಾಗಲಿಲ್ಲ ಎಂಬುದು ಮುಖ್ಯ.

1966ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಸಿಐಎ ಬಗ್ಗೆ ಪ್ರಕಟಿಸಿದ ವರದಿಗಳಲ್ಲಿ ಗುಟ್ಟು ಹೊರಬಿತ್ತು. ಮರುವರ್ಷ ‘ರ‍್ಯಾಂಪಾರ್ಟ್ಸ್’ ಪತ್ರಿಕೆ ವಿದ್ಯಾರ್ಥಿ ಸಂಘಟನೆಗೂ ಇದೇ ಮೂಲದಿಂದ ಹಣ ಬರುತ್ತಿದ್ದುದನ್ನು ಬಯಲು ಮಾಡಿತು. ಆಮೇಲೆ ಥಾಮಸ್ ಬ್ರೇಡನ್ ಎಂಬ ಮಾಜಿ ಸಿಐಎ ಅಧಿಕಾರಿ, ಅದನ್ನೆಲ್ಲ ಮಾಡಿದ್ದಕ್ಕೆ ತನಗೆ ಸಂತೋಷವೇ ಇದೆ ಎಂದು ಹೆಮ್ಮೆಯಿಂದ ಬರೆದುಕೊಂಡ. ಸ್ಪೆಂಡರ್ ರಾಜೀನಾಮೆ ಕೊಟ್ಟರು. ಗೊತ್ತಿರಲಿಲ್ಲ ಎಂದವರಲ್ಲಿ ಕೆಲವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇನ್ನು ಕೆಲವರಿಗೆ ಅನುಮಾನವಿದ್ದೂ ಕೇಳುವ ಮನಸ್ಸಾಗಿರಲಿಲ್ಲ. ಪಕ್ಷದ ಹಣ ಬೇಡವೆಂದು 1937ರಲ್ಲಿ ಹೊರನಡೆದ ಗುಂಪಿನವರೇ ಇಪ್ಪತ್ತು ವರ್ಷಗಳ ನಂತರ ಹಣದ ಮೂಲ ಕೇಳದೆ ಕೂತದ್ದು ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ.

ಪ್ರಶ್ನೆ: ರಾಜಕೀಯ ಚಿಂತಕಿ ಹಾನ್ನಾ ಆರೆಂಟ್ ಎಂದರೆ ಎಲ್ಲರೂ ಯಹೂದಿಗಳ ಹತ್ಯಾಕಾಂಡದಲ್ಲಿ ಭಾಗಿಯಾದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಯ ಬರಹವನ್ನೇ ಹೇಳುತ್ತಾರೆ. ಅವರು ಎಂದಾದರೂ ತಮ್ಮ ತಪ್ಪನ್ನು ಒಪ್ಪಿಕೊಂಡದ್ದುಂಟೇ?

ಉತ್ತರ: ಒಮ್ಮೆ, ಅದೂ ಖಾಸಗಿ ಪತ್ರದಲ್ಲಿ. ಐಖ್‌ಮನ್ ವಿಚಾರದಲ್ಲಿ ಅಲ್ಲ. ಅಲ್ಲಿ ಅವರು ಕಡೆಯವರೆಗೂ ಪಟ್ಟು ಬಿಡಲಿಲ್ಲ. 1963ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಆ ಬರಹ ಐದು ಕಂತುಗಳಲ್ಲಿ ಬಂದಾಗ ಹಳೆಯ ಗೆಳೆತನಗಳು ಮುರಿದುಬಿದ್ದವು, ‘ಡಿಸೆಂಟ್’ ಕರೆದ ಬಹಿರಂಗ ಸಭೆಯಲ್ಲಿ ಅವರ ಗೈರುಹಾಜರಿಯಲ್ಲೇ ಅವರ ಮೇಲೆ ಮಾತಿನ ಮಳೆ ಸುರಿಯಿತು.

ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಸಂಗತಿ. 1957ರ ಸೆಪ್ಟೆಂಬರಿನಲ್ಲಿ ಆರ್ಕನ್ಸಾದ ಲಿಟಲ್ ರಾಕ್ ಪಟ್ಟಣದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೇರಹೋದಾಗ ಬಿಳಿಯರ ಗುಂಪು ತಡೆಯಿತು, ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಕಿರುಚುವ ಗುಂಪಿನ ನಡುವೆ ನಡೆದು ಬರುತ್ತಿದ್ದ ಕಪ್ಪು ಹುಡುಗಿಯ ಛಾಯಾಚಿತ್ರ ಪತ್ರಿಕೆಯಲ್ಲಿ ಬಂತು. ಅದನ್ನು ಕಂಡ ಆರೆಂಟ್, ದೊಡ್ಡವರು ತಮ್ಮ ರಾಜಕೀಯದ ಹೊರೆಯನ್ನು ಮಕ್ಕಳ ಹೆಗಲಿಗೆ ಹಾಕಿದ್ದಾರೆ, ತಾನು ಆ ಮಗುವಿನ ತಾಯಿಯಾಗಿದ್ದರೆ ಕಳಿಸುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಬರೆದರು. ಲೇಖನ ಕೇಳಿ ಬರೆಸಿಕೊಂಡಿದ್ದ ‘ಕಾಮೆಂಟರಿ’ ಪತ್ರಿಕೆ ಹಿಂದೆಮುಂದೆ ನೋಡಿದ್ದರಿಂದ ಅವರು ಅದನ್ನು ವಾಪಸು ಪಡೆದರು. 1959ರಲ್ಲಿ ‘ಡಿಸೆಂಟ್’, ಇದನ್ನು ನಾವು ಒಪ್ಪುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಯೇ ಪ್ರಕಟಿಸಿತು. ಕಾದಂಬರಿಕಾರ ರಾಲ್ಫ್ ಎಲಿಸನ್ ಸಂದರ್ಶನವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟರು: ದಕ್ಷಿಣದ ಕಪ್ಪು ತಾಯಿತಂದೆಯರು ಮಕ್ಕಳನ್ನು ಬಳಸಿಕೊಳ್ಳುತ್ತಿಲ್ಲ, ಆ ಬೆಂಕಿಯನ್ನು ಹಾದುಹೋಗದೆ ಅಲ್ಲಿ ಬದುಕಲಾಗದೆಂದು ತಿಳಿದು, ಭಯವನ್ನು ಎದುರಿಸುವುದನ್ನು ಕಲಿಸುತ್ತಿದ್ದಾರೆ. 1965ರಲ್ಲಿ ಆರೆಂಟ್ ಎಲಿಸನ್‌ಗೆ ಪತ್ರ ಬರೆದು, ನೀವು ಹೇಳಿದ್ದು ಸರಿ, ಈ ಪರಿಸ್ಥಿತಿಯ ಜಟಿಲತೆ ನನಗೆ ಅರ್ಥವೇ ಆಗಿರಲಿಲ್ಲ ಎಂದು ಒಪ್ಪಿಕೊಂಡರು. ಲೇಖನ ಮಾತ್ರ ತಿದ್ದದೆ ಹಾಗೆಯೇ ಉಳಿಯಿತು.

ಪ್ರಶ್ನೆ: ಟೆಲಿವಿಷನ್ ಬಂದಮೇಲೆ ಈ ಚರ್ಚೆಗಳು ಕೆಟ್ಟವೋ, ಬೆಳೆದವೋ?

ಉತ್ತರ: ಎರಡೂ. ಬಕ್ಲಿ 1966ರಿಂದ 1999ರವರೆಗೆ ನಡೆಸಿದ ‘ಫೈರಿಂಗ್ ಲೈನ್’ ಕಾರ್ಯಕ್ರಮದಲ್ಲಿ ಎದುರಾಳಿಗೆ ತನ್ನ ವಾಕ್ಯ ಮುಗಿಸಲು ಸಮಯವಿತ್ತು. ಇಂದು ಅದೇ ದೊಡ್ಡ ಐಷಾರಾಮವೆನಿಸುತ್ತದೆ. ಅದೇ ಬಕ್ಲಿ 1968ರಲ್ಲಿ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳನ್ನು ಆರಿಸುವ ಪಕ್ಷಗಳ ಸಮಾವೇಶಗಳ ಹೊತ್ತಿಗೆ ಎಬಿಸಿ ವಾಹಿನಿಯಲ್ಲಿ ಲೇಖಕ ಗೋರ್ ವಿಡಾಲ್ ಜೊತೆ ಕೂತಾಗ ಕಥೆ ಬೇರೆಯಾಯಿತು. ಸಮಾವೇಶವನ್ನು ಇಡೀ ದಿನ ತೋರಿಸುವಷ್ಟು ಹಣವಿಲ್ಲದ ವಾಹಿನಿ ಅಗ್ಗದಲ್ಲಿ ಕಂಡುಕೊಂಡ ಉಪಾಯ ಅದು. ಆಗಸ್ಟ್ 28ರ ರಾತ್ರಿ ವಿಡಾಲ್ ಬಕ್ಲಿಯನ್ನು ಮರೆಮಾಚಿದ ನಾಜಿ ಎಂದರು. ಬಕ್ಲಿ ಹೀನ ಬೈಗುಳದೊಂದಿಗೆ ಮುಖಕ್ಕೆ ಗುದ್ದುವ ಬೆದರಿಕೆ ಹಾಕಿದರು. ಹತ್ತು ಕಂತುಗಳ ಮಾತಿನಲ್ಲಿ ಜನರಿಗೆ ನೆನಪುಳಿದದ್ದು ಆ ಕೆಲವು ಕ್ಷಣಗಳು.

ಇನ್ನೊಬ್ಬ ಓದುಗರು ಮೇರಿ ಮೆಕಾರ್ತಿ ಮೇಲಿನ ಮೊಕದ್ದಮೆ ಕೇಳಿದ್ದಾರೆ. 1980ರ ಜನವರಿಯಲ್ಲಿ ಪ್ರಸಾರವಾದ ಸಂದರ್ಶನದಲ್ಲಿ ಮೆಕಾರ್ತಿ, ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್ ಬರೆದ ಪ್ರತಿ ಶಬ್ದವೂ ಸುಳ್ಳು, ‘ಮತ್ತು’ ಎಂಬುದೂ ಸೇರಿದಂತೆ, ಎಂದುಬಿಟ್ಟರು. ಹೆಲ್‌ಮನ್ ಕೇಳಿದ ಪರಿಹಾರ 22.5 ಲಕ್ಷ ಡಾಲರ್. 1984ರಲ್ಲಿ ಹೆಲ್‌ಮನ್ ತೀರಿಕೊಂಡಾಗ ಮೊಕದ್ದಮೆಯೂ ಮುಗಿಯಿತು. ಬೇರು ಮಾತ್ರ ಮಾಸ್ಕೋ ವಿಚಾರಣೆಗಳ ಕಾಲದ್ದು: ಅವುಗಳನ್ನು ಹೆಲ್‌ಮನ್ ಸಮರ್ಥಿಸಿದ್ದರು, ಮೆಕಾರ್ತಿ ಧಿಕ್ಕರಿಸಿದ್ದರು. ನಲವತ್ತು ವರ್ಷ ಕಾದ ಹಗೆ ಅದು.

ಪ್ರಶ್ನೆ: ಅಂಥ ಬುದ್ಧಿಜೀವಿಗಳ ತಳಿ ಈಗ ಏಕೆ ಇಲ್ಲ?

ಉತ್ತರ: ಇತಿಹಾಸಕಾರ ರಸೆಲ್ ಜಾಕೋಬಿ 1987ರಲ್ಲೇ ಈ ಪ್ರಶ್ನೆ ಎತ್ತಿ, ಅವರನ್ನೆಲ್ಲ ವಿಶ್ವವಿದ್ಯಾಲಯಗಳು ನುಂಗಿದವು ಎಂದರು. ಯುದ್ಧದಿಂದ ಮರಳಿದ ಸೈನಿಕರಿಗೆ ಓದಿಸುವ 1944ರ ಕಾನೂನಿನಿಂದ ಸುಮಾರು 22 ಲಕ್ಷ ಮಂದಿ ಕಾಲೇಜು ಸೇರಿದರು. ಅವರಿಗೆ ಪಾಠ ಹೇಳುವವರು ಬೇಕಾದರು. ಡಾಕ್ಟರೇಟ್ ಇಲ್ಲದ ಹೋವ್ 1953ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ‘ಫಾರ್ಚ್ಯೂನ್’ ಪತ್ರಿಕೆಯಲ್ಲಿದ್ದ ಬೆಲ್ ಕೊಲಂಬಿಯಾಕ್ಕೆ ಬಂದಾಗ, ಅವರು ಆಗಲೇ ಬರೆದಿದ್ದ ‘ದಿ ಎಂಡ್ ಆಫ್ ಐಡಿಯಾಲಜಿ’ಯ ಪ್ರಬಂಧಗಳನ್ನೇ ಒಪ್ಪಿಕೊಂಡು ಡಾಕ್ಟರೇಟ್ ಕೊಡಲಾಯಿತು. ಪತ್ರಿಕೆಗೆ ಬರೆದದ್ದೇ ಪ್ರೌಢಪ್ರಬಂಧವಾದ ಕಾಲ ಅದು. ಅವರ ಶಿಷ್ಯರ ಕಾಲಕ್ಕೆ ಪತ್ರಿಕೆಗೆ ಬರೆಯುವುದೇ ಬಡ್ತಿಗೆ ತೊಡಕಾಯಿತು. ‘ಪಾರ್ಟಿಸನ್ ರಿವ್ಯೂ’ ಕೂಡ 1963ರಲ್ಲಿ ರಟ್ಗರ್ಸ್, 1978ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಆಸರೆ ಹಿಡಿದು, ಫಿಲಿಪ್ಸ್ ತೀರಿಕೊಂಡ ಮರುವರ್ಷ, 2003ರಲ್ಲಿ, ನಿಂತಿತು. ಸಿಟಿ ಕಾಲೇಜು ನಗರದ ಖಜಾನೆ ಬರಿದಾದ 1976ರಲ್ಲಿ ಶುಲ್ಕ ವಸೂಲಿ ಆರಂಭಿಸಿತು. ಜಾಕೋಬಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಪ್ಪು ಚಿಂತಕರು, ಮಹಿಳಾ ಚಿಂತಕರು ಆ ಹೊತ್ತಿಗೆ ಹಿಂದೆಂದಿಗಿಂತ ಹೆಚ್ಚು ಓದುಗರನ್ನು ತಲುಪುತ್ತಿದ್ದುದು ಅವರ ಲೆಕ್ಕದಲ್ಲಿ ಸರಿಯಾಗಿ ಸೇರಲಿಲ್ಲ.

ಪ್ರಶ್ನೆ: ಎಲ್ಲ ಉತ್ತರಗಳಲ್ಲೂ ಹಣ ಯಾರದು, ಜಾಗ ಯಾರದು ಎಂದೇ ಕೇಳುವುದು ನಿಮ್ಮ ರೂಢಿ. ವಿಚಾರಕ್ಕೆ ತನ್ನದೇ ಆದ ಬಲವಿಲ್ಲವೇ?

ಉತ್ತರ: ಇದೆ. ಆದರೆ ಅಚ್ಚಿಗೆ ಕಾಗದ ಬೇಕು. 1962–63ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳು 114 ದಿನ ಮುಷ್ಕರದಿಂದ ನಿಂತು, ಪ್ರಕಾಶಕರಿಗೆ ಜಾಹೀರಾತು ಕೊಡಲು ಜಾಗವಿಲ್ಲದಾದಾಗ ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ ಹುಟ್ಟಿತು. ಕವಿ ರಾಬರ್ಟ್ ಲೊವೆಲ್ ಮನೆತನದ ದತ್ತಿಯ ಆಧಾರದ ಮೇಲೆ 4,000 ಡಾಲರ್ ಸಾಲ ತಂದರು, ಲೇಖಕರು ಸಂಭಾವನೆಯಿಲ್ಲದೆ ಬರೆದರು. ನಾಲ್ಕು ವರ್ಷಗಳ ನಂತರ ವಿಯೆಟ್ನಾಂ ಯುದ್ಧವನ್ನು ಸಮರ್ಥಿಸುತ್ತಿದ್ದ ವಿದ್ವಾಂಸರ ವಿರುದ್ಧ ನೋಮ್ ಚಾಮ್‌ಸ್ಕಿ ಬರೆದ ಬುದ್ಧಿಜೀವಿಗಳ ಹೊಣೆಗಾರಿಕೆಯ ಲೇಖನಕ್ಕೆ ಸಾವಿರಾರು ಓದುಗರು ಸಿಕ್ಕಿದ್ದು ಆ ಪುಟಗಳಲ್ಲಿ.

ಜಾಗ ಸಿಗದೆ ಹೋದವರ ಕಥೆಯನ್ನೂ ಹೇಳುತ್ತೇನೆ. ರ‍್ಯಾಂಡಾಲ್ಫ್ ಬೋರ್ನ್ ಕೊಲಂಬಿಯಾದಲ್ಲಿ ಡ್ಯೂಯಿ ಅವರ ಶಿಷ್ಯ. ಹುಟ್ಟಿದಾಗಲೇ ಮುಖ ಊನವಾಗಿತ್ತು, ಎಳವೆಯಲ್ಲಿ ಬಂದ ಕ್ಷಯದಿಂದ ಬೆನ್ನು ಗೂನಾಗಿತ್ತು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಡ್ಯೂಯಿ ಅದನ್ನು ಸಮರ್ಥಿಸಿದರು, ‘ನ್ಯೂ ರಿಪಬ್ಲಿಕ್’ ಸಮರ್ಥಿಸಿತು. ಯುದ್ಧವನ್ನು ಒಳಗಿನಿಂದ ಒಳ್ಳೆಯ ದಿಕ್ಕಿಗೆ ತಿರುಗಿಸುತ್ತೇವೆ ಎಂಬ ಅವರ ನಂಬಿಕೆಯನ್ನು ಬೋರ್ನ್ ‘ಸೆವೆನ್ ಆರ್ಟ್ಸ್’ ಎಂಬ ಮಾಸಪತ್ರಿಕೆಯಲ್ಲಿ ತಿಂಗಳು ತಿಂಗಳು ಬಿಡಿಸಿಟ್ಟರು, ಗುರುವನ್ನೂ ಬಿಡಲಿಲ್ಲ. ಪತ್ರಿಕೆಗೆ ಹಣ ಕೊಡುತ್ತಿದ್ದ ಮಹಿಳೆ ಆ ಲೇಖನಗಳಿಂದ ಕಂಗೆಟ್ಟು ಕೈ ಹಿಂತೆಗೆದುಕೊಂಡರು. ಅಕ್ಟೋಬರ್ ಸಂಚಿಕೆಯೇ ಕೊನೆಯದಾಯಿತು. ಯುದ್ಧದ ವಿರುದ್ಧ ಬರೆಯಲು ಆಮೇಲೆ ಅವರಿಗೆ ಜಾಗ ಉಳಿಯಲಿಲ್ಲ. ಆದರೂ ಬರೆದರು. 1918ರ ಡಿಸೆಂಬರಿನಲ್ಲಿ, ಯುದ್ಧ ಮುಗಿದ ಕೆಲವೇ ವಾರಗಳಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಅವರು ತೀರಿಕೊಂಡಾಗ ವಯಸ್ಸು 32. ಅವರು ಬಿಟ್ಟುಹೋದ ಕಾಗದಗಳಲ್ಲಿ ಪ್ರಭುತ್ವದ ಬಗೆಗಿನ ಮುಗಿಯದ ಪ್ರಬಂಧವೊಂದು ಸಿಕ್ಕಿತು. ಯುದ್ಧವೇ ಪ್ರಭುತ್ವದ ಆರೋಗ್ಯ ಎಂಬ, ಇಂದಿಗೂ ಜನ ಎತ್ತಿ ಆಡುವ ಆ ಮಾತು ಇರುವುದು ಅದರಲ್ಲಿ.